ಹೆಸರು ಹಾಕಬೇಡಿ ಅಂದವರಿಗೆ

ನಮ್ಮ ಪ್ರಾಯೋಗಿಕ ಚಿತ್ರ ಮುಗಿದು, ಮಡಿಕೇರಿಯಲ್ಲಿ ಆಹ್ವಾನಿತರ ಮುಂದೆ ಅದರ ಮೊದಲ ಪ್ರದರ್ಶನವೂ ಆಯಿತು. ಚಿತ್ರದ ವಸ್ತು ಮಾಧ್ಯಮದ ಅಧಿಕಾರ, ತಾರಾಪಟ್ಟ, ತನ್ನ ಮುಖದ ಮೇಲಿನ ಮೋಹ. ಇಂಥ ಚಿತ್ರದ ಕೊನೆಗೆ ಹೆಸರುಗಳ ಉದ್ದ ಪಟ್ಟಿ ಉರುಳಿಸಿದರೆ ನಗೆಪಾಟಲಾಗುತ್ತದೆ ಎಂದು ನೆರವಾದವರೇ ಹೇಳಿದರು. ಬಹಳ ಮಂದಿ ‘ನನ್ನ ಹೆಸರು ಮಾತ್ರ ಹಾಕಬೇಡಿ’ ಅಂದರು. ಸರಿ, ಹೆಸರಿಲ್ಲ. ಆದರೆ ಅವರು ಮಾಡಿದ ಕೆಲಸವನ್ನು ಬರೆಯಬೇಡಿ ಅಂತ ಯಾರೂ ಹೇಳಿಲ್ಲವಲ್ಲ. ಅಳತೆ, ಲೆಕ್ಕ ಸಮೇತ ಬರೆಯುತ್ತಿದ್ದೇವೆ. ಮುಂದೆ ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಈ ವಂದನೆಯಿಂದ ನಾಲ್ಕು ಉಪಯೋಗದ ವಿಷಯವಾದರೂ ಸಿಗಲಿ.

ಚಿತ್ರ ನೋಡದವರಿಗೆ ಎರಡು ಮಾತು. ಕಥೆ ಅಂತ ಹೆಚ್ಚೇನಿಲ್ಲ. ಎಲ್ಲೂ ಇಲ್ಲದ ಒಂದು ಸುದ್ದಿವಾಹಿನಿ, ಅದರ ನಿರೂಪಕ, ಅವನ ಬೆನ್ನ ಹಿಂದೆ ಒಂಬತ್ತು ಹಳೇ ಟಿವಿಗಳ ಗೋಡೆ. ಸುದ್ದಿ ಕ್ರಮೇಣ ಸಣ್ಣದಾಗಿ, ಓದುವವನ ಮುಖ ದೊಡ್ಡದಾಗುತ್ತದೆ. ನಡುನಡುವೆ ಯಾವ ವಾಹಿನಿಯಲ್ಲೂ ಕಾಣದ ಮುಖಗಳು, ಒಂದು ಮಾತೂ ಆಡದೆ, ನಮ್ಮನ್ನೇ ನೋಡುತ್ತಾ ಕೂತಿರುತ್ತವೆ.

ಮೊದಲ ವಂದನೆ ವಿರಾಜಪೇಟೆಯ ಟಿವಿ ರಿಪೇರಿ ಅಣ್ಣನಿಗೆ. ಒಂಬತ್ತು ಪಿಕ್ಚರ್ ಟ್ಯೂಬ್ ಸೆಟ್ಟು, ಎಲ್ಲ 21 ಇಂಚಿನವು. ಅಟ್ಟದ ಮೇಲೆ, ಕಾಫಿ ಗೋದಾಮಿನ ಮೂಲೆಯಲ್ಲಿ ವರ್ಷಗಟ್ಟಲೆ ಕೂತಿದ್ದವು. ಇಂಥ ಸೆಟ್ಟನ್ನು ತಂದ ಕೂಡಲೇ ಪ್ಲಗ್ ಹಾಕಬಾರದು. ಟ್ಯೂಬಿನ ಆನೋಡ್‌ಗೆ, ಅಂದರೆ ಮೇಲೆ ರಬ್ಬರ್ ಕ್ಯಾಪ್ ಹಾಕಿದ ಜಾಗಕ್ಕೆ, ಹೋಗುವುದು 20ರಿಂದ 25 ಸಾವಿರ ವೋಲ್ಟ್. ನಮ್ಮ ಮಳೆಗಾಲದ ತೇವ ಧೂಳಿನ ಜೊತೆ ಸೇರಿ ಆ ರಬ್ಬರ್ ಕ್ಯಾಪಿನ ಸುತ್ತ ಒಂದು ಪದರ ಕಟ್ಟಿರುತ್ತದೆ. ಸ್ವಿಚ್ ಹಾಕಿದರೆ ಕಿಡಿ ಅದರ ಮೇಲೆ ಹರಿದು ‘ಟಿಕ್ ಟಿಕ್’ ಎನ್ನುತ್ತದೆ, ಓಝೋನ್ ವಾಸನೆ ಬರುತ್ತದೆ, ಕೊನೆಗೆ ಆ ವೋಲ್ಟೇಜ್ ಹುಟ್ಟಿಸುವ ಇ.ಎಚ್.ಟಿ. ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಅಣ್ಣ ಮಾಡಿದ್ದಿಷ್ಟು: ಹಿಂದಿನ ಮುಚ್ಚಳ ಬಿಚ್ಚಿ, ಟ್ಯೂಬಿನ ಚಾರ್ಜನ್ನು ಭೂಮಿಗೆ ಇಳಿಸಿ, ಒಣ ಬ್ರಷ್‌ನಲ್ಲಿ ಧೂಳು ತೆಗೆದು, ಪಕ್ಕದಲ್ಲಿ 40 ವ್ಯಾಟಿನ ಹಳೇ ತಂತಿ ಬಲ್ಬ್ ಉರಿಸಿ ರಾತ್ರಿಯಿಡೀ ಒಣಗಿಸಿದರು. ಬೆಳಿಗ್ಗೆ ಆನ್. ಚಾರ್ಜ್ ಇಳಿಸುವ ಕೆಲಸವನ್ನು ಗೊತ್ತಿಲ್ಲದವರು ಮಾಡಲೇಬಾರದು. ಪ್ಲಗ್ ಕಿತ್ತು ಎಷ್ಟೋ ಹೊತ್ತಾದ ಮೇಲೂ ಟ್ಯೂಬು ಕೈಗೆ ಹೊಡೆಯುತ್ತದೆ.

ಒಂಬತ್ತರಲ್ಲಿ ಎರಡು ಸೆಟ್ಟಿನ ಮೂಲೆಯಲ್ಲಿ ಹಸಿರು–ನೇರಳೆ ಕಲೆ ಕಾಣಿಸಿತು. ಟ್ಯೂಬ್ ಹೋಯಿತು ಅಂತ ಬಹಳ ಜನ ಇಂಥದ್ದನ್ನು ಗುಜರಿಗೆ ಹಾಕುತ್ತಾರೆ. ಅದು ಪಕ್ಕದಲ್ಲಿ ಇಟ್ಟ ಸ್ಪೀಕರಿನ ಅಯಸ್ಕಾಂತದ ಕೆಲಸ. ಆ ಕಾಂತತೆಯನ್ನು ಅಳಿಸುವ ತಂತಿ ಸುರುಳಿ, ಡಿಗಾಸ್ ಕಾಯಿಲ್, ಸೆಟ್ಟಿನೊಳಗೇ ಇರುತ್ತದೆ. ಸ್ವಿಚ್ ಹಾಕಿದ ಕ್ಷಣ ‘ಡುಮ್’ ಅನ್ನುತ್ತದಲ್ಲ, ಅದೇ. ಆದರೆ ಅದಕ್ಕೆ ಕರೆಂಟು ಬಿಡುವ ಪೋಸಿಸ್ಟರ್ ಎಂಬ ಬಿಡಿಭಾಗ ತಣ್ಣಗಾಗದೆ ಅದು ಇನ್ನೊಮ್ಮೆ ಕೆಲಸ ಮಾಡದು. ಆಫ್ ಮಾಡಿ, ಅರ್ಧ ಗಂಟೆ ಬಿಟ್ಟು, ಮತ್ತೆ ಆನ್. ಹೀಗೆ ಎರಡು ಮೂರು ಸಲ ಮಾಡಿದರೆ ಕಲೆ ಹೋಗುತ್ತದೆ. ಐದೈದು ನಿಮಿಷಕ್ಕೆ ಸ್ವಿಚ್ ಒತ್ತುವ ಆತುರಗಾರರಿಗೆ ಕಲೆ ಹಾಗೇ ಉಳಿಯುತ್ತದೆ.

ಈ ಡಿಗಾಸ್ ಕಾಯಿಲಿನಿಂದ ಇನ್ನೊಂದು ತಲೆನೋವಿದೆ. ಒಂದು ಸೆಟ್ಟು ಓಡುವಾಗ ಎಳೆಯುವುದು 80–90 ವ್ಯಾಟ್, ಒಂಬತ್ತಕ್ಕೂ ಸೇರಿ 800ರ ಆಸುಪಾಸು. ಲೆಕ್ಕದಲ್ಲಿ ಏನೂ ಅಲ್ಲ. ಆದರೆ ಒಂಬತ್ತೂ ಒಟ್ಟಿಗೆ ಆನ್ ಆದರೆ ಆ ಕ್ಷಣದ ಎಳೆತಕ್ಕೆ ಎಂಸಿಬಿ ಬೀಳುತ್ತದೆ. ಮಡಿಕೇರಿ ದಸರಾ ಮೆರವಣಿಗೆಯ ದಶಮಂಟಪಗಳಲ್ಲಿ, ಅಂದರೆ ಆಡುವ ಬೊಂಬೆಗಳ ಹತ್ತು ಮಂಟಪಗಳಲ್ಲಿ, ಒಂದಕ್ಕೆ ವೈರಿಂಗ್ ಮಾಡುವವರು ಬಂದು, ಮೂರು ಮೂರು ಸೆಟ್ಟಿಗೆ ಒಂದು ಸ್ವಿಚ್‌ಬೋರ್ಡ್ ಕೊಟ್ಟು, ಸೆಟ್ಟುಗಳನ್ನು ಒಂದಾದ ಮೇಲೆ ಒಂದರಂತೆ ಎಬ್ಬಿಸುವ ಕ್ರಮ ಹಾಕಿಕೊಟ್ಟರು. ವಿಜಯದಶಮಿ ರಾತ್ರಿ ಒಂದೇ ಜನರೇಟರಿನ ಮೇಲೆ ರಾಕ್ಷಸನ ತಲೆಯನ್ನೂ ತಿರುಗಿಸಿ, ದೇವಿಯ ಕೈಯನ್ನೂ ಎತ್ತಿಸಿ, ಸಾವಿರಾರು ಬಲ್ಬನ್ನೂ ಉರಿಸುವವರಿಗೆ ನಮ್ಮ ಒಂಬತ್ತು ಟಿವಿ ಯಾವ ಲೆಕ್ಕ! ಟಿವಿ ಪೇರಿಸುವ ಆಂಗಲ್ ಕಬ್ಬಿಣದ ಚೌಕಟ್ಟೂ ಅವರದೇ. ಒಂದೊಂದು ಸೆಟ್ಟು 20 ಕಿಲೋಗೆ ಮೇಲೆ. ಭಾರವೆಲ್ಲ ಮುಂದಿನ ಗಾಜಿನ ಕಡೆ. ಹಾಗಾಗಿ ಚೌಕಟ್ಟಿನ ಕಾಲು ಮುಂದಕ್ಕೆ ಚಾಚಿರಬೇಕು, ಮೇಲಿನ ಸಾಲಿಗೆ ಹಿಂದಿನಿಂದ ಗೋಡೆಗೆ ಕಟ್ಟು ಇರಬೇಕು.

ಮುಂದಿನವರು ನಾಪೋಕ್ಲು ಕಡೆಯ ಕೇಬಲ್ ಆಪರೇಟರ್. 2017ರ ಮಾರ್ಚ್ 31ರ ಗಡುವಿನೊಂದಿಗೆ ಕೇಬಲ್ ಟಿವಿ ಡಿಜಿಟಲ್ ಆಗುವ ಕೊನೆಯ ಹಂತ ಬಂತು, ಹೆಡ್‌ಎಂಡಿನ, ಅಂದರೆ ಕೇಬಲ್ ಹೊರಡುವ ಕೋಣೆಯ, ಅನಲಾಗ್ ಮಾಡ್ಯುಲೇಟರುಗಳಿಗೆ (ಚಿತ್ರವನ್ನು ಆಂಟೆನಾ ತೂತಿಗೆ ಹೋಗುವ ಸಿಗ್ನಲ್ ಮಾಡುವ ಪೆಟ್ಟಿಗೆಗಳಿಗೆ) ಕೆಲಸ ತಪ್ಪಿತು. ಇವರು ಎರಡನ್ನು ಎಸೆಯದೆ ಇಟ್ಟಿದ್ದರು. ನಮ್ಮ ಹಳೇ ಸೆಟ್ಟುಗಳಲ್ಲಿ ಕೆಲವಕ್ಕೆ ಎವಿ ತೂತು ಕೂಡ ಇಲ್ಲ, ಆಂಟೆನಾ ತೂತು ಮಾತ್ರ. ಮಾಡ್ಯುಲೇಟರ್ ಇಲ್ಲದೆ ಅವು ಬರೀ ಪೆಟ್ಟಿಗೆ. ಜೋಡಣೆ ಹೀಗಿತ್ತು: ಮೀಡಿಯಾ ಪ್ಲೇಯರ್, ಎಚ್‌ಡಿಎಂಐಯಿಂದ ಎವಿಗೆ ಬದಲಿಸುವ ಡಬ್ಬಿ, ಮಾಡ್ಯುಲೇಟರ್, ಸಿಗ್ನಲ್ ಹಂಚುವ ಒಂದು ಮೂರು ದಾರಿಯ ಸ್ಪ್ಲಿಟರ್, ಅದರ ಒಂದೊಂದು ಬಾಯಿಗೆ ಮತ್ತೊಂದು ಮೂರು ದಾರಿಯದು. ಬದಲಿಸುವ ಡಬ್ಬಿಯ ಪಕ್ಕದಲ್ಲಿ ಪುಟ್ಟ ಗುಂಡಿ ಇರುತ್ತದೆ, ಅದನ್ನು ಪಾಲ್ (ನಮ್ಮ ದೇಶದ ಹಳೇ ಟಿವಿಗಳ ಪದ್ಧತಿ) ಕಡೆಗೆ ತಳ್ಳಬೇಕು. ಅಮೆರಿಕದ ಪದ್ಧತಿಯಾದ ಎನ್‌ಟಿಎಸ್‌ಸಿ ಕಡೆಗಿದ್ದರೆ ಹಳೇ ಸೆಟ್ಟಿನಲ್ಲಿ ಚಿತ್ರ ಉರುಳುತ್ತದೆ, ಇಲ್ಲವೇ ಬಣ್ಣ ಹೋಗುತ್ತದೆ.

ಸಿಗ್ನಲ್ ಸಾಕಾಗದು, ಬೂಸ್ಟರ್ ಬೇಕು ಅಂತ ಎಲ್ಲರಿಗೂ ಅನಿಸುವ ಜಾಗ ಇದು. ಸಮಸ್ಯೆ ಉಲ್ಟಾ. ಹೆಡ್‌ಎಂಡ್ ಮಾಡ್ಯುಲೇಟರು 100 ಡಿಬಿಗೂ (ಡೆಸಿಬೆಲ್, ಸಿಗ್ನಲ್ ಬಲದ ಅಳತೆ) ಮೇಲೆ ಕೊಡುತ್ತದೆ, ಟಿವಿಗೆ ಬೇಕಾದದ್ದು 60ರಿಂದ 80ರ ಒಳಗೆ. ಎರಡು ಹಂತದ ಸ್ಪ್ಲಿಟರಿನಲ್ಲಿ ಹೋಗುವುದು ಸುಮಾರು 12 ಡಿಬಿ ಮಾತ್ರ. ಉಳಿದದ್ದು ಟ್ಯೂನರಿಗೆ ಹೊಡೆದು ಚಿತ್ರದ ಮೇಲೆ ಓರೆ ಗೆರೆ ಬರುತ್ತವೆ. ಸಿಗ್ನಲ್ ತಗ್ಗಿಸುವ 20 ಡಿಬಿಯ ಅಟೆನ್ಯುಯೇಟರ್ ಒಂದನ್ನು ನಡುವೆ ಹಾಕಿ, ಮೀಟರ್ ಹಿಡಿದು ನೋಡಿ, ಅವರು ಹೊರಟರು. ದುಡ್ಡು ಕೇಳಲಿಲ್ಲ. ‘ಚಾನೆಲ್ ಶುರುವಾದ್ರೆ ನಮ್ಮೂರಿನ ರಸ್ತೆ ಸುದ್ದಿ ಹಾಕಿ’ ಅಂದರು. ಹಾಕಿದ್ದೇವೆ, ಏಳನೇ ಟಿವಿಯ ಅಡಿಪಟ್ಟಿಯಲ್ಲಿ ಓಡುತ್ತದೆ, ಗಮನಿಸಿ ನೋಡಿ.

ಟಿವಿ ಪರದೆಯನ್ನು ಕ್ಯಾಮೆರಾದಲ್ಲಿ ಹಿಡಿಯುವುದರ ಬಗ್ಗೆ ತುಂಬ ಜನ ಕೇಳಿದ್ದಾರೆ, ಅದನ್ನೂ ಹೇಳಿಬಿಡುತ್ತೇವೆ. ಪಾಲ್ ಚಿತ್ರ ಸೆಕೆಂಡಿಗೆ 25 ಫ್ರೇಮು, 50 ಫೀಲ್ಡು (ಅರ್ಧ ಫ್ರೇಮು), ಫ್ರೇಮಿಗೆ 625 ಗೆರೆ. ಕ್ಯಾಮೆರಾ 24ರಲ್ಲಿ ಇದ್ದರೆ ಪರದೆಯ ಮೇಲೆ ಪಟ್ಟೆಯೊಂದು ಹರಿದಾಡುತ್ತದೆ. 25 ಫ್ರೇಮು, ಶಟರ್ 1/50 ಸೆಕೆಂಡ್ ಇಡಬೇಕು. ಶಟರ್ 1/100 ಮಾಡಿದರೆ ಅರ್ಧ ಪರದೆ ಕತ್ತಲು. ಎಲ್ಲ ಸರಿ ಇಟ್ಟರೂ ಒಂದು ತೆಳು ಗೆರೆ ನಿಧಾನವಾಗಿ ಏರಿಯೋ ಇಳಿದೋ ಬರುತ್ತದೆ. ಪ್ಲೇಯರಿನ ಗಡಿಯಾರವೂ ಕ್ಯಾಮೆರಾದ ಗಡಿಯಾರವೂ ಕೂದಲೆಳೆಯಷ್ಟು ಬೇರೆ ಇರುವುದರಿಂದ ಅದು ತಪ್ಪದು. ಗೆರೆ ಪರದೆಯ ಅಂಚಿಗೆ ಬಂದಾಗ ಶಾಟ್ ಶುರು ಮಾಡಿದರೆ, ಮತ್ತೆ ನಡುವಿಗೆ ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ನಿರೂಪಕನ ಮುಖದೊಳಗೆ ಮುಖ, ಅದರೊಳಗೆ ಮುಖ ಎಂದು ಸುರಂಗ ಕಾಣುವ ದೃಶ್ಯದಲ್ಲಿ ಗ್ರಾಫಿಕ್ಸ್ ಒಂದು ಚೂರೂ ಇಲ್ಲ. ಕ್ಯಾಮೆರಾ ಹಿಡಿದದ್ದನ್ನೇ ಟಿವಿಗೆ ಕೊಟ್ಟು, ಆ ಟಿವಿಯನ್ನೇ ಕ್ಯಾಮೆರಾಗೆ ತೋರಿಸುವುದು, ಅಷ್ಟೇ. ಎಕ್ಸ್‌ಪೋಷರು, ವೈಟ್ ಬ್ಯಾಲೆನ್ಸು ಎರಡನ್ನೂ ಲಾಕ್ ಮಾಡಬೇಕು, ಆಟೋದಲ್ಲಿದ್ದರೆ ಸುರಂಗ ಉಸಿರಾಡಿದ ಹಾಗೆ ಹಿಗ್ಗಿ ಕುಗ್ಗುತ್ತದೆ. ಟಿವಿಯ ಕಾಂಟ್ರಾಸ್ಟ್ ಜಾಸ್ತಿಯಾದರೆ ಒಳಗಿನ ಮುಖಗಳು ಬೆಳ್ಳಗೆ ಸುಟ್ಟುಹೋಗುತ್ತವೆ, ಕಡಿಮೆಯಾದರೆ ಎರಡನೆಯದಕ್ಕೇ ಕತ್ತಲು. ನಾಲ್ಕನೇ ಮುಖದ ಕಣ್ಣು ಗುರುತಾಗುವ ತನಕ ಇಳಿಸುತ್ತಾ ಬಂದು ಅಲ್ಲಿ ನಿಲ್ಲಿಸಿದರೆ ಸರಿ. ಬದಲಿಸುವ ಡಬ್ಬಿ ಮತ್ತು ಕ್ಯಾಮೆರಾ ಸೇರಿ ಒಂದು ಸುತ್ತಿಗೆ ಮೂರ್ನಾಲ್ಕು ಫ್ರೇಮು ತಡ ಮಾಡುತ್ತವೆ. ಹೀಗಾಗಿ ಏಳನೇ ಮುಖ ನಗುವುದು ಹೊರಗಿನವನು ನಕ್ಕು ಸುಮಾರು ಒಂದು ಸೆಕೆಂಡ್ ಆದ ಮೇಲೆ. ಇದಲ್ಲದೆ, ಅಗಲ ಪರದೆಯ ಚಿತ್ರವನ್ನು ಹಳೇ ಟಿವಿ ಚೌಕಕ್ಕೆ ಒತ್ತುವುದರಿಂದ ಪ್ರತಿ ಸುತ್ತಿಗೂ ಮುಖ ಸಪುರವಾಗುತ್ತಾ ಹೋಗುತ್ತದೆ. ಬೇರೆಯವರು ಇದನ್ನು ಸರಿಪಡಿಸಿಕೊಳ್ಳುತ್ತಾರೆ. ನಮ್ಮ ವಿಷಯಕ್ಕೆ ಇದೇ ಒದಗಿತು.

ಗೋಣಿಕೊಪ್ಪದ ಗಾಜಿನ ಅಂಗಡಿಯವರ ಋಣ ದೊಡ್ಡದು. ಸುದ್ದಿ ಓದುವವರ ಮುಂದೆ ಇದ್ದು ಓದಬೇಕಾದ ಅಕ್ಷರ ತೋರಿಸುವ ಪ್ರಾಂಪ್ಟರ್ ಸರಳ ಉಪಕರಣ: 45 ಡಿಗ್ರಿ ಓರೆಯಲ್ಲಿ ಒಂದು ಗಾಜು, ಕೆಳಗೆ ಮಲಗಿಸಿದ ಮಾನಿಟರ್, ಗಾಜಿನ ಹಿಂದೆ ಕಪ್ಪು ಬಟ್ಟೆಯೊಳಗೆ ಕ್ಯಾಮೆರಾ. ಕಿಟಕಿಗೆ ಹಾಕುವ ಗಾಜು ಸಾಲದು. ಅದು ಪ್ರತಿಫಲಿಸುವುದು ಶೇಕಡಾ 10ರಷ್ಟು ಮಾತ್ರ, ಅದೂ ಮುಂದಿನ ಮೈ ಮತ್ತು ಹಿಂದಿನ ಮೈಯಿಂದ ಎರಡು ಪಾಲಾಗಿ, ಅಕ್ಷರ ಜೋಡಿ ಜೋಡಿಯಾಗಿ ಕಾಣುತ್ತದೆ. ಒಂದು ಮೈಗೆ ಲೇಪನ ಇರುವ, 30ರಷ್ಟು ಹಿಂದಿರುಗಿಸಿ 70ರಷ್ಟು ಒಳಬಿಡುವ ಗಾಜು ಬೇಕು. ಲೇಪನದ ಮೈ ಓದುವವನ ಕಡೆಗಿರಬೇಕು. ಕ್ಯಾಮೆರಾಗೆ ಅರ್ಧ ಸ್ಟಾಪ್, ಅಂದರೆ ಶೇಕಡಾ 30ರಷ್ಟು, ಬೆಳಕು ಕಡಿಮೆಯಾಗುತ್ತದೆ, ಅದನ್ನು ದೀಪದಲ್ಲಿ ಸರಿದೂಗಿಸಬಹುದು. ಅಂಗಡಿಯವರು ಬೆಂಗಳೂರಿನಿಂದ ತರಿಸಿ, ಅಂಚನ್ನು ನುಣ್ಣಗೆ ಉಜ್ಜಿ, ಪಟ್ಟಿ ಹಾಕಿಯೇ ಕೊಟ್ಟರು.

ಅದರಲ್ಲಿ ನಾವು ಅಕ್ಷರ ಹಾಕಲಿಲ್ಲ. ಓದುವವನ ಮುಖವನ್ನೇ, ಆ ಕ್ಷಣದ್ದನ್ನೇ, ಹಾಕಿದೆವು. ಅಕ್ಷರ ಓದಲು ಬರಬೇಕೆಂದರೆ ಮಾನಿಟರಿನಲ್ಲಿ ಅದನ್ನು ಎಡಬಲ ತಿರುಗಿಸಿ ಹಾಕಬೇಕು, ಗಾಜು ಮತ್ತೆ ತಿರುಗಿಸಿ ಸರಿ ಮಾಡುತ್ತದೆ. ಮುಖವನ್ನು ತಿರುಗಿಸದೆ ಹಾಕಿದರೆ ಗಾಜಿನಲ್ಲಿ ಕಾಣುವುದು ದಿನಾ ಕನ್ನಡಿಯಲ್ಲಿ ಕಾಣುವ ಮುಖ. ತಿರುಗಿಸಿ ಹಾಕಿದರೆ ಊರಿನವರಿಗೆ ಕಾಣುವ ಮುಖ. ನಡುವೆ ಇರುವುದು ಒಂದೇ ಗುಂಡಿ. ಚಿತ್ರದ ನಡುಭಾಗದಲ್ಲಿ ನಿರೂಪಕ ಸುದ್ದಿ ಓದುತ್ತಾ ಹಣೆಯ ಕೂದಲು ಸರಿಮಾಡಲು ಕೈ ಎತ್ತುತ್ತಾನೆ, ಕೈ ಆಚೆ ಕಡೆಗೆ ಹೋಗುತ್ತದೆ, ನಿಲ್ಲುತ್ತದೆ, ಮತ್ತೆ ಈಚೆಗೆ ಬರುತ್ತದೆ. ಗುಂಡಿ ಒತ್ತಿದ್ದು ಅಲ್ಲೇ. ಆ ತಡವರಿಕೆ ಅಭಿನಯವಲ್ಲ. ಯಾವ ಹೊತ್ತಿಗೆ ಒತ್ತುತ್ತೇವೆಂದು ಹೇಳಬೇಡಿ ಎಂದು ಆ ಪಾತ್ರದವರೇ ಕೇಳಿಕೊಂಡಿದ್ದರು. ತನ್ನ ಮುಖ ಸೊಟ್ಟಗೆ ಕಾಣುವುದನ್ನು ಅಷ್ಟು ಜನರ ಮುಂದೆ ಒಪ್ಪಿಕೊಳ್ಳುವ ನಟರು ಕಡಿಮೆ. ಅವರಿಗೆ ನಮಸ್ಕಾರ.

ಮಕ್ಕಂದೂರು, ಜೋಡುಪಾಲ ಕಡೆಯ ಕೆಲವರಿಗೆ ಬೇರೆ ರೀತಿಯ ಋಣವಿದೆ. 2018ರ ಆಗಸ್ಟ್‌ನ ಭೂಕುಸಿತದ ದಿನಗಳಲ್ಲಿ ಅವರ ಅಂಗಳಕ್ಕೆ ಎಷ್ಟು ಕ್ಯಾಮೆರಾ ಬಂದಿತ್ತೋ ಅವರಿಗೇ ಗೊತ್ತು. ಚಿತ್ರದಲ್ಲಿ ಗುಡ್ಡ ಜಾರುವುದನ್ನು ತೋರಿಸಬೇಡಿ ಎಂದರು. ಆ ದೃಶ್ಯ ನೋಡಿ ನೋಡಿ ನಾಡಿಗೇ ಬಾಯಿಪಾಠವಾಗಿದೆ, ಅದರ ಎದುರು ಹಿಡಿದಿದ್ದ ಮೈಕನ್ನು ಯಾರೂ ನೋಡಿಲ್ಲ ಎಂದೂ ಹೇಳಿದರು. ಮೈಕಿನ ದೃಶ್ಯ ಹುಟ್ಟಿದ್ದು ಹಾಗೆ. ಒಬ್ಬರ ಮುಖವನ್ನೇ ಎರಡು ಸಲ ಹಿಡಿದಿದ್ದೇವೆ. ಮೊದಲು ಎರಡು ಅಡಿಯಿಂದ, ಅಗಲ ಲೆನ್ಸಿನಲ್ಲಿ. ಮೂಗು, ಹಣೆ ಮುಂದೆ ಉಬ್ಬಿ, ಕಿವಿ ಹಿಂದೆ ಸರಿದು, ಗಾಬರಿಯಾದಂತೆ ಕಾಣುತ್ತಾರೆ. ಆಮೇಲೆ ಎಂಟು ಅಡಿಯಿಂದ, 85 ಮಿ.ಮೀ. ಲೆನ್ಸಿನಲ್ಲಿ; ಅದೇ ಮನುಷ್ಯ, ಅದೇ ಮಾತು, ಗಂಭೀರವಾಗಿ ಕಾಣುತ್ತಾರೆ. ಮುಖ ಕೆಡುವುದು ಲೆನ್ಸಿನಿಂದ ಅಂತ ಹೇಳುವುದುಂಟು. ಕೆಡಿಸುವುದು ದೂರ. ಎಂಟು ಅಡಿಯಿಂದ ಅಗಲ ಲೆನ್ಸಿನಲ್ಲಿ ತೆಗೆದು ಆಮೇಲೆ ಕತ್ತರಿಸಿದರೂ ಮುಖ ಹಾಗೇ ಗಂಭೀರವಾಗಿರುತ್ತದೆ.

ಮಾತಿಲ್ಲದ ಮುಖಗಳು ಸಿದ್ದಾಪುರ, ಸುಂಟಿಕೊಪ್ಪ ಕಡೆಯ ತೋಟಗಳ ಲೈನ್‌ಮನೆಗಳಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲಿ, ಇರುವವರದು. ಕಾಫಿ ಹಣ್ಣು ಕೊಯ್ಲಿನ ಕಾಲ, ಸಂಜೆ ತೂಕ ಮುಗಿದ ಮೇಲಿನ ಹೊತ್ತು. ಅಂಥಾ ಹೊತ್ತಿನಲ್ಲಿ ಜಗಲಿಯಲ್ಲಿ ಕೂತು ಕ್ಯಾಮೆರಾ ನೋಡಿ ಎಂದರೆ ಬೈಯಬೇಕಿತ್ತು. ಬೆಲ್ಲದ ಕಾಫಿ ಕೊಟ್ಟರು. ಅಮೆರಿಕದ ಕಲಾವಿದ ಆಂಡಿ ವಾರ್ಹೋಲ್ 1964ರಿಂದ 66ರವರೆಗೆ ನ್ಯೂಯಾರ್ಕಿನ ತನ್ನ ಸ್ಟುಡಿಯೋಗೆ ಬಂದವರನ್ನು ಕೂರಿಸಿ, ಸೆಕೆಂಡಿಗೆ 24 ಫ್ರೇಮಿನಂತೆ ಹಿಡಿದು 16ರಂತೆ ತೋರಿಸಿದ. ರೆಪ್ಪೆ ಬಡಿಯುವುದೂ ಒಂದು ಘಟನೆಯಾಗುವಷ್ಟು ನಿಧಾನ. ಅಲ್ಲಿಗೆ ಬಂದವರಲ್ಲಿ ಹೆಸರುವಾಸಿಗಳೂ ಆಗಬೇಕೆಂದಿದ್ದವರೂ ಇದ್ದರು. ಅದೇ ನಿಧಾನವನ್ನು ಹೆಸರಿನ ಹಂಗಿಲ್ಲದವರ ಮುಖಕ್ಕೆ ಕೊಟ್ಟು ನೋಡುವುದು ನಮ್ಮ ಉದ್ದೇಶ. ಅರ್ಧ ವೇಗಕ್ಕೆ ಇಳಿಸಿದರೆ ಶಾಂಪೂ ಜಾಹೀರಾತಿನ ಹಾಗಾಗುತ್ತದೆ. ಮೂರರಲ್ಲಿ ಎರಡು ಪಾಲು ಸರಿ. 38 ಫ್ರೇಮಿನಲ್ಲಿ ಹಿಡಿದು 25ರಲ್ಲಿ ಓಡಿಸಿದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಶಟರ್ ಮಾತ್ರ 1/50ರಲ್ಲೇ ಇರಲಿ, ಇಲ್ಲದಿದ್ದರೆ ಜಗಲಿಯ ಟ್ಯೂಬ್‌ಲೈಟು ಮಿನುಗುತ್ತದೆ.

ಒಪ್ಪಿಗೆ ಪತ್ರವನ್ನು ಅಲ್ಲಿನ ಅಂಗನವಾಡಿಯ ಅಕ್ಕ ಕನ್ನಡದಲ್ಲೂ ಮಲಯಾಳದಲ್ಲೂ ಓದಿ ಹೇಳಿದರು, ಯರವ ಬುಡಕಟ್ಟಿನವರ ಮಾತಿನಲ್ಲಿ ಇನ್ನೊಬ್ಬರು ಹೇಳಿದರು. ಮೂರು ಮಾತು ಅದರಲ್ಲಿದ್ದವು: ಮುಖವನ್ನು ಜಾಹೀರಾತಿಗೆ ಕೊಡುವುದಿಲ್ಲ, ಮೊಬೈಲಿಗೆ ತುಂಡು ಮಾಡಿ ಹರಿಬಿಡುವುದಿಲ್ಲ, ಚಿತ್ರ ಮುಗಿಯುವ ಮುಂಚೆ ಯಾವಾಗ ಬೇಡ ಅಂದರೂ ತೆಗೆಯುತ್ತೇವೆ. ಒಬ್ಬರು ಬೇಡ ಅಂದರು. ತೆಗೆದೆವು.

ಟಿವಿ ವಾಹಿನಿಗಳ ತುಣುಕು ಯಾಕೆ ಬಳಸಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಮಡಿಕೇರಿಯ ವಕೀಲರೊಬ್ಬರು. 1957ರ ಕೃತಿಸ್ವಾಮ್ಯ ಕಾಯಿದೆಯ 37ನೇ ಕಲಮಿನ ಪ್ರಕಾರ ಪ್ರಸಾರದ ಹಕ್ಕು 25 ವರ್ಷ ವಾಹಿನಿಯದು. ವಿಮರ್ಶೆಗೆ 52ನೇ ಕಲಮಿನಲ್ಲಿ ರಿಯಾಯಿತಿ ಇದೆ, ಆದರೆ ಅದು ಕೋರ್ಟಿನಲ್ಲಿ ವಾದಿಸಿ ಪಡೆಯಬೇಕಾದ ರಿಯಾಯಿತಿ. ಸ್ವಂತ ಸುಳ್ಳು ವಾಹಿನಿ ಕಟ್ಟುವುದು ಅಗ್ಗ.

ಚಪ್ಪಾಳೆಯದ್ದು ದೊಡ್ಡ ಕತೆ. ಕುಶಾಲನಗರದ ಕಾಲೇಜು ಮಕ್ಕಳು ಹನ್ನೆರಡು ಮಂದಿ ಸೇರಿ ಸಾವಿರ ಜನರ ಚಪ್ಪಾಳೆ ಕೊಟ್ಟರು. ಒಂದೇ ಚಪ್ಪಾಳೆಯನ್ನು ನಕಲು ಮಾಡಿ ಪೇರಿಸಿದರೆ ಕೊಳವೆಯೊಳಗಿಂದ ಬಂದಂತೆ ಕೇಳುತ್ತದೆ, ಒಂದೇ ಅಲೆ ಕೊಂಚ ತಡವಾಗಿ ತನಗೇ ಡಿಕ್ಕಿ ಹೊಡೆಯುವುದರಿಂದ. ಪ್ರತಿ ಸಲವೂ ಜಾಗ ಬದಲಿಸಿ, ಕೆಲವರು ಅಂಗೈ ಬಟ್ಟಲು ಮಾಡಿ, ಕೆಲವರು ಬೆರಳಷ್ಟೇ ತಟ್ಟಿ, ಹೊಸದಾಗಿ ಹೊಡೆಯಬೇಕು. ಎಂಟು ಪದರ ಸಾಕು. ಆ ಶಬ್ದದ ಕೆಳಗೆ ತಗಡಿನ ಶೀಟಿನ ಮೇಲೆ ಬೀಳುವ ಜುಲೈ ಮಳೆಯನ್ನು ಮೆಲ್ಲಗೆ ಏರಿಸಿದರೆ ಯಾವುದು ಎಲ್ಲಿ ಮುಗಿಯಿತು ಎಂದು ಕಿವಿಗೆ ತಿಳಿಯದು. ಎರಡೂ ಎಲ್ಲ ಸ್ವರಗಳೂ ಒಟ್ಟಿಗೆ ಇರುವ ಸದ್ದೇ. ಪ್ರದರ್ಶನದ ದಿನ ಹಿಂದಿನ ಸಾಲಿನ ಅಜ್ಜಿಯೊಬ್ಬರು ಒಣಹಾಕಿದ ಬಟ್ಟೆಯ ನೆನಪಾಗಿ ಎದ್ದರಂತೆ. ಯಾವ ವಿಮರ್ಶೆಗಿಂತಲೂ ನಮಗೆ ಇದು ಹೆಚ್ಚು.

ಚಿತ್ರದ ಬ್ಯಾನರ್ ಹೊಲಿದ ಸೋಮವಾರಪೇಟೆಯ ದರ್ಜಿಯವರಿಗೆ ವಂದನೆ. ನಡುವೆ ನಾಯಕನ ಮುಖದ ಜಾಗದಲ್ಲಿ ಬರೀ ತೂತು, ಕೆಳಗೆ ಶುಭ ಕೋರುವ ಇಪ್ಪತ್ತು ತಲೆಗಳ ಜಾಗದಲ್ಲೂ ತೂತು. ಫ್ಲೆಕ್ಸ್ ಅಲ್ಲ, ಬಟ್ಟೆ. ಅಂಚಿಗೆ ಹಗ್ಗ ಸೇರಿಸಿ ಮಡಿಸಿ, ಎರಡೆರಡು ಅಡಿಗೆ ಲೋಹದ ಕಣ್ಣು ಹಾಕದಿದ್ದರೆ ಮಂಜಿನಲ್ಲಿ ನೆಂದ ಬಟ್ಟೆ ತನ್ನ ಭಾರಕ್ಕೇ ಹರಿಯುತ್ತದೆ.

ಲೆನ್ಸುಗಳನ್ನು ಮಳೆಗಾಲದಲ್ಲಿ ಕಾಪಾಡಿದ್ದು ಒಬ್ಬ ಬೆಳೆಗಾರರ ಮನೆ. ಪಾರ್ಚ್‌ಮೆಂಟ್ ಕಾಫಿಯ (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಬೀಜದ) ತೇವಾಂಶ ಶೇಕಡಾ 10ಕ್ಕೆ ಇಳಿಯಿತೇ ಎಂದು ಮೀಟರ್ ಹಿಡಿದು ನೋಡುವವರಿಗೆ ಈ ವಿಷಯ ವಿವರಿಸಬೇಕಿಲ್ಲ. ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, ಒಳಗೊಂದು ತೇವಮಾಪಕ. ಮುಳ್ಳು ಶೇಕಡಾ 40–50ರ ನಡುವೆ ಇರಬೇಕು, 70 ದಾಟಿ ನಿಂತರೆ ಗಾಜಿನ ಮೇಲೆ ಬೂಷ್ಟು. ಜೆಲ್ ಬಣ್ಣ ಬದಲಿಸಿದಾಗ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಪ್ರದರ್ಶನಕ್ಕೆ ಸಭಾಂಗಣ ಬಿಟ್ಟುಕೊಟ್ಟವರು, ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದವರು, ಕುರ್ಚಿ ಹೊತ್ತವರು, ಕಡುಬುಟ್ಟು ಮಾಡಿಕೊಟ್ಟವರು, ಎಲ್ಲರಿಗೂ ವಂದನೆ. ಪರದೆ 12 ಅಡಿ ಅಗಲ, ಪ್ರೊಜೆಕ್ಟರ್ 18 ಅಡಿ ದೂರ, 3000 ಲ್ಯೂಮೆನ್. ಕತ್ತಲಾದರೆ ಅಷ್ಟು ಧಾರಾಳ, ಕಿಟಕಿಯ ಸಂದಿಯೊಂದು ತೆರೆದಿದ್ದರೂ ಟಿವಿ ಗೋಡೆಯ ಕಪ್ಪು ಬೂದಿಯಾಗುತ್ತದೆ. ಇನ್ವರ್ಟರ್ ಶುದ್ಧ ಸೈನ್ ವೇವ್ ಆಗಿರದಿದ್ದರೆ ಸ್ಪೀಕರಿನಲ್ಲಿ ಗುಂಯ್ ಸದ್ದು ನಿಲ್ಲದು. ಮರ ಬಿದ್ದು ಕರೆಂಟು ಹೋದಾಗ ಮಳೆಯಲ್ಲೇ ಕಂಬ ಹತ್ತಿದ ಲೈನ್‌ಮ್ಯಾನ್ ಅಣ್ಣನಿಗೆ ಚಿತ್ರ ನೋಡಲು ಆಗಲಿಲ್ಲ. ಅವರಿಗಾಗಿ ಇನ್ನೊಂದು ಪ್ರದರ್ಶನ ನಮ್ಮ ಬಾಕಿ.

ಕೊನೆಯ ಭಾಗದಲ್ಲಿ ಪ್ರೇಕ್ಷಕರೇ ಪರದೆಯ ಮೇಲೆ, 8 ಸೆಕೆಂಡ್ ತಡವಾಗಿ, ಕಾಣಿಸಿದರಲ್ಲ, ಅದರ ಗುಟ್ಟು ಕೇಳಿದವರಿಗೆ: ಪರದೆಯ ಕೆಳಗೆ ಒಂದು ಕ್ಯಾಮೆರಾ, ಲ್ಯಾಪ್‌ಟಾಪಿನ ಮೆಮೊರಿಯಲ್ಲಿ 200 ಫ್ರೇಮು ಹಿಡಿದಿಡುವ ಬಫರ್, ಸುಮಾರು 620 ಎಂಬಿ. ಪಕ್ಕದ ಗೋಡೆಗೆ 9 ವ್ಯಾಟಿನ ಎರಡು ಬಲ್ಬ್. ತಡ ಎರಡು ಸೆಕೆಂಡಿದ್ದರೆ ಜನ ಕೈ ಬೀಸಿ ಆಟ ಶುರು ಮಾಡುತ್ತಾರೆ. ಎಂಟಾದರೆ ಮೊದಲು ಯಾರೋ ಬೇರೆಯವರು ಅಂದುಕೊಳ್ಳುತ್ತಾರೆ, ತಾವೆಂದು ಗೊತ್ತಾಗುವಷ್ಟರಲ್ಲಿ ಆಕಳಿಸಿದ್ದೂ ಮೊಬೈಲ್ ನೋಡಿದ್ದೂ ಬಂದಾಗಿರುತ್ತದೆ. ಬಾಗಿಲಲ್ಲೇ ಫಲಕ ಹಾಕಿ ತಿಳಿಸಿದ್ದೆವು, ಬೇಡದವರಿಗೆ ಬಾಲ್ಕನಿಯಲ್ಲಿ ಜಾಗ ಇತ್ತು. ಏನೂ ದಾಖಲಾಗಿಲ್ಲ, ಬಫರಿನಿಂದ ಹೊರಬಿದ್ದದ್ದು ಅಳಿದುಹೋಯಿತು.

ಪ್ರಾಂಪ್ಟರ್ ಗಾಜು, ಅಟೆನ್ಯುಯೇಟರ್, ಬ್ಯಾನರ್ ನಮ್ಮ ಹತ್ತಿರ ಇವೆ. ಕೊಡಗಿನಲ್ಲಿ ಯಾರಾದರೂ ಚಿತ್ರ, ನಾಟಕ ಮಾಡುವವರಿದ್ದರೆ ಬಾಡಿಗೆಯಿಲ್ಲದೆ ಒಯ್ಯಬಹುದು. ಗಾಜನ್ನು ಒರೆಸಲು ಪಂಚೆಯ ತುದಿ ಬಳಸಬೇಡಿ, ಲೇಪನ ಗೀಚುತ್ತದೆ. ಟಿವಿಗಳಲ್ಲಿ ಏಳು ಮಾಲೀಕರ ಮನೆಗೆ ಮರಳಿವೆ. ಉಳಿದೆರಡರ ಟ್ಯೂಬಿನ ಗಾಜಿನಲ್ಲಿ ಸೀಸ ಇರುವುದರಿಂದ ಒಡೆದು ಎಸೆಯುವ ಹಾಗಿಲ್ಲ, ಮೈಸೂರಿಗೆ ಹೋಗುವ ಇ–ತ್ಯಾಜ್ಯದ ಗಾಡಿಗೆ ಹಾಕಬೇಕು. ಅದಕ್ಕೆ ಮುಂಚೆ ಯಾರಿಗಾದರೂ ಬೇಕಿದ್ದರೆ ಹೇಳಿ. ರಿಮೋಟ್ ಇಲ್ಲ, ಚಿತ್ರ ಚೆನ್ನಾಗಿ ಬರುತ್ತದೆ.